ಪ್ರಭಾವ ಬೀರುವ ಹಂಬಲ ಮತ್ತು ಉತ್ತಂಗಿ ಚನ್ನಪ್ಪನವರು

ಯುವಕರ ಕೂಟವಿರಲಿ, ಸ್ತ್ರೀಯರ ಕೂಟವಿರಲಿ, ನಮ್ಮ ಕ್ರೈಸ್ತ ಸಭೆಗಳಲ್ಲಿ ಒಂದು ಪ್ರಸಂಗ ವರ್ಷಕ್ಕೊಮ್ಮೆಯಾದರೂ ತಪ್ಪುವುದಿಲ್ಲ. ನೀವು ಲೋಕಕ್ಕೆ ಉಪ್ಪು, ಲೋಕಕ್ಕೆ ಬೆಳಕು. ಓಣಿಯವರು, ಆಫೀಸಿನವರು ನಿಮ್ಮನ್ನೇ ಗಮನಿಸುತ್ತಿದ್ದಾರೆ. ನಿಮ್ಮ ಬಾಳು ಅವರ ಮೇಲೆ ಒಳ್ಳೆಯ ಪ್ರಭಾವ ಬೀರುವಂತಿರಲಿ. ಇದರ ಬೆನ್ನಿಗೇ ಪಟ್ಟಿ ಬರುತ್ತದೆ. ಕುಡಿಯಬೇಡಿ, ಸಿಡುಕಬೇಡಿ, ಕಷ್ಟ ಬಂದರೂ ಮುಖ ಬಾಡಿಸಬೇಡಿ, ಬೆಳಿಗ್ಗೆ ಎದ್ದು ನಾಲ್ಕು ಜನಕ್ಕೆ ವಾಟ್ಸಾಪಿನಲ್ಲಿ ದೇವರ ವಾಕ್ಯ ಕಳಿಸಿ. ಕೇಳಿದವರೆಲ್ಲ ತಲೆದೂಗಿ ಮನೆಗೆ ಹೋಗುತ್ತಾರೆ.

ಈ ಉಪದೇಶವನ್ನು ನಾನು ಒಪ್ಪಲಾರೆ. ಸನ್ನಡತೆ ಬೇಡವೆಂದಲ್ಲ. ಈ ಪಾಠದಲ್ಲಿ ನೆರೆಯವನು ಯಾವಾಗಲೂ ನೋಡುವವನು, ಪಡೆಯುವವನು. ನಾವು ಯಾವಾಗಲೂ ತೋರಿಸುವವರು, ಕೊಡುವವರು. ಅವನಿಂದ ನಮಗೆ ಬರಬೇಕಾದದ್ದು ಏನೂ ಇಲ್ಲವೆಂಬ ಎಣಿಕೆ ಇದರ ಬುಡದಲ್ಲಿದೆ. ಸಾವಾದ ಮನೆಯಲ್ಲಿ ಒಲೆ ಹಚ್ಚದ ದಿನಗಳಲ್ಲಿ ರೊಟ್ಟಿ, ಪಲ್ಯ, ಅನ್ನ, ಸಾರು ಹೊತ್ತು ತರುವವರು ನಮ್ಮ ಉತ್ತರ ಕರ್ನಾಟಕದ ಓಣಿಗಳಲ್ಲಿ ಯಾರು? ಎಡಮನೆಯ ಲಿಂಗಾಯತರು, ಎದುರುಮನೆಯ ಮುಸಲ್ಮಾನರು. ಅವರು ನಮ್ಮ ಮೇಲೆ ಪ್ರಭಾವ ಬೀರಲು ಬಂದವರಲ್ಲ. ಹಸಿದಾರು ಎಂದು ಬಂದವರು. ಆ ಬುತ್ತಿಯನ್ನು ಉಂಡ ಮೇಲೂ ಬೆಳಕು ನಮ್ಮ ಕಡೆಯಿಂದ ಮಾತ್ರ ಹರಿಯುತ್ತದೆಂದು ಹೇಳುವುದು ಕೃತಘ್ನತೆ.

ಉಪ್ಪು, ಬೆಳಕಿನ ಮಾತು ಬರುವುದು ಪರ್ವತ ಪ್ರಸಂಗದಲ್ಲಿ, ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ. ಅದೇ ಪ್ರಸಂಗ ಆರನೆಯ ಅಧ್ಯಾಯಕ್ಕೆ ಬಂದಾಗ, ಜನ ನೋಡಲೆಂದು ಧರ್ಮಕಾರ್ಯ ಮಾಡಬೇಡಿರೆಂದು ಯೇಸುಸ್ವಾಮಿ ಕಡಾಖಂಡಿತವಾಗಿ ಹೇಳುತ್ತಾರೆ. ದಾನ ಗುಟ್ಟಾಗಿರಬೇಕು, ಪ್ರಾರ್ಥನೆಗೆ ಕದ ಮುಚ್ಚಬೇಕು, ಉಪವಾಸ ಮುಖದಲ್ಲಿ ಕಾಣಬಾರದು. ಎರಡನ್ನೂ ಕೂಡಿಸಿ ಓದಿದರೆ ಅರ್ಥ ಬೇರೆಯಾಗುತ್ತದೆ: ಕಾಣಬೇಕಾದದ್ದು ಕೆಲಸ, ಮಾಡಿದವರಲ್ಲ, ಸ್ತುತಿ ಸಲ್ಲಬೇಕಾದದ್ದು ತಂದೆಗೆ, ಸಭೆಗಲ್ಲ. ನಮ್ಮ ಪ್ರಸಂಗಗಳು ಐದನೆಯ ಅಧ್ಯಾಯಕ್ಕೇ ನಿಂತುಬಿಡುತ್ತವೆ.

ಇನ್ನೂ ಮುಂದೆ ಓದಬೇಕು. ಎಂಟನೆಯ ಅಧ್ಯಾಯದಲ್ಲಿ ಕಪೆರ್ನೌಮಿನ ಶತಾಧಿಪತಿ ಬರುತ್ತಾನೆ, ಅನ್ಯಜನದವನು. ಅವನ ನಂಬಿಕೆ ಕಂಡು ಯೇಸುಸ್ವಾಮಿ ಬೆರಗಾದರು. ಇಸ್ರಾಯೇಲಿನಲ್ಲೂ ಇಂಥದ್ದನ್ನು ಕಂಡಿಲ್ಲವೆಂದರು. ಹದಿನೈದರಲ್ಲಿ ಕಾನಾನ್ಯ ಹೆಂಗಸು ಅವರಿಗೇ ಎದುರುತ್ತರ ಕೊಟ್ಟು ಮಗಳನ್ನು ಉಳಿಸಿಕೊಂಡಳು. ಲೂಕನ ಹತ್ತನೆಯ ಅಧ್ಯಾಯದಲ್ಲಿ, ತನ್ನ ನೆರೆಯವನು ಯಾರೆಂದು ಕೇಳಿದ ಧರ್ಮೋಪದೇಶಕನಿಗೆ ಮಾದರಿಯಾಗಿ ತೋರಿಸಿದ್ದು ಯೆಹೂದ್ಯರು ಹೀನಾಯವಾಗಿ ಕಾಣುತ್ತಿದ್ದ ಸಮಾರ್ಯದವನನ್ನು. ಆ ಕಥೆಯಲ್ಲಿ ಯಾಜಕನೂ ಲೇವಿಯನೂ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಆಚೆ ಬದಿಗೆ ಸರಿದು ಹೋದವರು. ಆ ಕಾಲದ ಲೆಕ್ಕದಲ್ಲಿ ‘ಒಳ್ಳೆಯ ಪ್ರಭಾವ’ ಬೀರಬೇಕಾಗಿದ್ದವರು ಅವರೇ. ನಮ್ಮ ಗುರು ಎದುರಿನವರಲ್ಲಿದ್ದ ಒಳ್ಳೆಯದನ್ನು ಕಂಡು ಮುಚ್ಚಿಡದೆ ಹೇಳಿದವರು. ಶಿಷ್ಯರಾದ ನಾವು ಅದನ್ನು ಕಲಿಯಲೇ ಇಲ್ಲ.

ಕಲಿತವರೊಬ್ಬರು ನಮ್ಮ ನಡುವೆಯೇ ಇದ್ದರು: ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಬಳ್ಳಾರಿ ಸೀಮೆಯ ಉತ್ತಂಗಿಯಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಉತ್ತರ ಕರ್ನಾಟಕದ ಊರುಗಳಲ್ಲಿ ದುಡಿದರು. ಸುವಾರ್ತೆ ಸಾರುವುದು ಅವರ ಉದ್ಯೋಗ. ಅವರನ್ನು ಹಿಡಿದು ನಿಲ್ಲಿಸಿದ್ದು ಸರ್ವಜ್ಞನ ತ್ರಿಪದಿ. ಸರ್ವಜ್ಞ ಆಗ ಹೆಚ್ಚಾಗಿ ಬದುಕಿದ್ದದ್ದು ಜನರ ಬಾಯಲ್ಲಿ, ಅಲ್ಲಲ್ಲಿ ಓಲೆಗರಿಗಳಲ್ಲಿ, ಕೈಬರಹದ ಕಟ್ಟುಗಳಲ್ಲಿ. ಇಂಥ ವಚನಗಳನ್ನು ಕೂಡಿಸುವವನ ಪಾಡು ಕೂತು ಯೋಚಿಸಿದರೆ ತಿಳಿಯುತ್ತದೆ. ಒಬ್ಬನ ಪಾಠ ಇನ್ನೊಬ್ಬನದಕ್ಕೆ ಹೊಂದುವುದಿಲ್ಲ. ಎರಡು ಸಾಲು ನೆನಪಿದ್ದವನಿಗೆ ಮೂರನೆಯದು ಮರೆತಿರುತ್ತದೆ. ಯಾರೋ ಕಟ್ಟಿದ ಮಾತಿಗೆ ಸರ್ವಜ್ಞನ ಅಂಕಿತ ಅಂಟಿಕೊಂಡಿರುತ್ತದೆ. ಹೇಳುವವನ ಮುಂದೆ ತಾಳ್ಮೆಯಿಂದ ಕೂಡಬೇಕು, ಅಡ್ಡ ಬಾಯಿ ಹಾಕಬಾರದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಕೇಳಬೇಕು. ಉಪದೇಶ ಮಾಡುವುದೇ ವೃತ್ತಿಯಾದವನು ಹೀಗೆ ವರ್ಷಗಟ್ಟಲೆ ಕೇಳುವವನಾಗುವುದು ಸಣ್ಣ ಮಾತಲ್ಲ. 1924ರಲ್ಲಿ ‘ಸರ್ವಜ್ಞನ ವಚನಗಳು’ ಅಚ್ಚಾಯಿತು. ಸರ್ವಜ್ಞನ ಬಗ್ಗೆ ಬರೆಯುವವರಿಗೆ ಆ ಸಂಪುಟವನ್ನು ಬದಿಗಿಡುವುದು ಕಷ್ಟ. ಮುಂದೆ ಅವರು ಶರಣರ ಸಾಹಿತ್ಯಕ್ಕೆ ಇಳಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಅನುಮಾನಿಸಿದವರಿಗೆ ಉತ್ತರವಾಗಿ ಪುಸ್ತಕವನ್ನೇ ಬರೆದರು. ಒಬ್ಬ ಕ್ರೈಸ್ತ ಪಾದ್ರಿ ಬಸವಣ್ಣನವರ ಮಂಟಪದ ಪರವಾಗಿ ವಾದಿಸಿದ್ದು ಇಂದಿನ ಕರ್ನಾಟಕ ಮತ್ತೆ ಮತ್ತೆ ನೆನೆಯಬೇಕಾದ ಸಂಗತಿ.

1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದರು. ಸಭೆಗೆ ಎಷ್ಟು ಜನರನ್ನು ಸೇರಿಸಿದರೆಂಬ ನಮ್ಮ ರೂಢಿಯ ಅಳತೆಗೋಲು ಈ ಮನುಷ್ಯನ ಮುಂದೆ ಕೆಲಸಕ್ಕೆ ಬಾರದು. ಬೇರೆ ಬೇರೆ ಮತಗಳ ಕನ್ನಡಿಗರು ಅವರನ್ನು ನಂಬಿದರು, ಏಕೆಂದರೆ ಅವರು ಆ ಜನರ ಸೊತ್ತನ್ನು ತಮ್ಮದೆಂಬಷ್ಟು ಅಕ್ಕರೆಯಿಂದ ಕಾಪಾಡಿದ್ದರು.

ಕ್ರಿಸ್ತನನ್ನು ಬದಿಗಿಟ್ಟು ಅವರು ಸಾಹಿತ್ಯದ ಹಾದಿ ಹಿಡಿದರೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದವರೂ ಅವರೇ. ಹಿಂದೂ ಬಾಂಧವರ ಮುಂದೆ ತಮ್ಮ ನಂಬಿಕೆಯನ್ನು ಮರೆಮಾಚದೆ ಇಟ್ಟವರು. ಕೇಳಿ ಗೊತ್ತಿದ್ದವರಾದ್ದರಿಂದ ಅವರ ಮಾತಿಗೆ ಮರ್ಯಾದೆ ಇತ್ತು.

ಮಿಷನರಿ ಕಿಟ್ಟೆಲರ ಹೆಸರನ್ನಂತೂ ನಾವು ದುರುಪಯೋಗ ಮಾಡುತ್ತೇವೆ. ಅವರ 1894ರ ಕನ್ನಡ-ಇಂಗ್ಲಿಷ್ ನಿಘಂಟು, ಅದರ ಎಪ್ಪತ್ತು ಸಾವಿರದಷ್ಟು ಶಬ್ದಗಳು, ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಪ್ರತಿಮೆ, ಇವನ್ನೆಲ್ಲ ‘ನಾವು ಕನ್ನಡಕ್ಕೆ ಕೊಟ್ಟದ್ದು’ ಎಂದು ಎಣಿಸುತ್ತೇವೆ. ಆ ಶಬ್ದಗಳು ಕನ್ನಡಿಗರವು. ನಾಗವರ್ಮನ ಛಂದಸ್ಸು, ಕೇಶಿರಾಜನ ವ್ಯಾಕರಣ, ಊರಿನ ಪಂಡಿತರ ವಿದ್ಯೆ, ಸಂತೆಯ ಮಾತು ಎಲ್ಲವೂ ಕಿಟ್ಟೆಲರಿಗೆ ಇಲ್ಲಿಯ ಜನರಿಂದ ಬಂದವು. ಪಡೆದದ್ದನ್ನು ಒಪ್ಪವಾಗಿ ಜೋಡಿಸಿ ಹಿಂತಿರುಗಿಸಿದ್ದು ಅವರ ಹಿರಿಮೆ. ಇಲ್ಲಿಯ ದೇವರುಗಳನ್ನು, ಆಚಾರಗಳನ್ನು ತುಚ್ಛವಾಗಿ ಕಂಡು ಮಿಷನರಿಗಳು ಅಚ್ಚುಹಾಕಿಸಿದ ಕಿರುಹೊತ್ತಿಗೆಗಳೂ ಅದೇ ಕಾಲದವು. ಅವನ್ನು ಈಗ ಸಂಶೋಧಕರ ಹೊರತು ಯಾರೂ ಓದುವುದಿಲ್ಲ.

ಶಾಲೆ, ಆಸ್ಪತ್ರೆಗಳೇ ನಮ್ಮ ಪ್ರಭಾವವೆನ್ನುವವರೂ ಇದ್ದಾರೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಹೋಮಿಯೋಪತಿ ಔಷಧ ಕೊಡಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಊರು ಹೊರಗಿಟ್ಟವರನ್ನು ಒಳಗೆ ಕರೆದುಕೊಂಡದ್ದು ಅದು. ಆ ಹೆಸರಿನ ನೆರಳಲ್ಲಿ ನಾವಿಂದು ಏನು ಮಾಡುತ್ತಿದ್ದೇವೆ? ಒಂದು ಕ್ರೈಸ್ತ ಶಾಲೆಯ ಅಡ್ಮಿಷನ್ ಕೌಂಟರಿನ ಮುಂದೆ, ಮನೆಗೆಲಸ ಮಾಡುವ ತಾಯಿಯೊಬ್ಬಳು ಮಗಳ ಜನನ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿದು ನಿಂತದ್ದನ್ನು ನಾನು ನೋಡಿದ್ದೇನೆ. ಗುಮಾಸ್ತರು ತಲೆ ಎತ್ತದೆ ಡೊನೇಷನ್ ಮೊತ್ತ ಹೇಳಿದರು. ಆಕೆ ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳಿದಳು. ಆಗುವುದಿಲ್ಲವೆಂದು ಮುಂದಿನವರನ್ನು ಕರೆದರು. ಅವರ ತಲೆಯ ಮೇಲಿನ ಗೋಡೆಯಲ್ಲಿ ಮಕ್ಕಳನ್ನು ಹತ್ತಿರ ಕರೆಯುವ ಯೇಸುವಿನ ಚಿತ್ರವಿತ್ತು. ಆ ತಾಯಿಯ ಮೇಲೆ ಬಿದ್ದ ಕ್ರೈಸ್ತ ಪ್ರಭಾವ ಆ ಕೌಂಟರಿನದು. ಯಾವ ಪ್ರಸಂಗವೂ ಅದನ್ನು ಅಳಿಸಲಾರದು.

ಸಭೆಯ ಒಳಗೂ ನೋಡಿಕೊಳ್ಳಬೇಕು. ಮದುವೆಯ ಮಾತು ಬಂದಾಗ, ಕ್ರೈಸ್ತರಾಗುವ ಮುಂಚೆ ಮನೆತನದ್ದು ಯಾವ ಜಾತಿಯೆಂದು ಕೇಳುವ ಮನೆಗಳು ಕರಾವಳಿಯಲ್ಲೂ ಇವೆ, ಬಯಲುಸೀಮೆಯಲ್ಲೂ ಇವೆ. ದಲಿತ ಕ್ರೈಸ್ತರಿಗೆ ಇದು ಹೊಸದೇನಲ್ಲ. ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿ ಮುರಿದು, ಬೀಗತನಕ್ಕೆ ಬೇರೆ ಲೆಕ್ಕ ಇಟ್ಟುಕೊಂಡವರು ಓಣಿಗೆ ಬೆಳಕಾಗುವ ಮಾತಾಡಬಾರದು.

ಇನ್ನೊಂದು ಕಾರಣಕ್ಕೂ ಪ್ರಭಾವ ಬೀರುವ ಈ ಹಂಬಲವನ್ನು ಕೈಬಿಡಬೇಕು. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ನಿಷೇಧದ ಕಾನೂನು ಬಂದಿತು. ಬಲವಂತ, ಆಮಿಷಗಳ ಜೊತೆಗೆ ಅನುಚಿತ ಪ್ರಭಾವವನ್ನೂ ಅದು ಅಪರಾಧವೆಂದಿತು. ಆ ಕಾನೂನು ಅನ್ಯಾಯದ್ದೆಂದೇ ನನ್ನ ನಂಬಿಕೆ. ಮನಸ್ಸಾಕ್ಷಿಯ ವಿಷಯದಲ್ಲಿ ಪೊಲೀಸರಿಗೆ ಕೆಲಸವಿಲ್ಲ. ಅದರ ಹೆಸರಿನಲ್ಲಿ ಪ್ರಾರ್ಥನಾ ಕೂಟಗಳಿಗೆ ನುಗ್ಗುವವರಿಗೆ ಅಂತೂ ಯಾವ ಹಕ್ಕೂ ಇಲ್ಲ. ಆದರೆ ಹೊರಗಿನ ಅನ್ಯಾಯ ನಮ್ಮ ಒಳಗಿನ ಪ್ರಶ್ನೆಗೆ ಉತ್ತರವಾಗದು. ಬದಲಿಸುವ ಉದ್ದೇಶ ಇಟ್ಟುಕೊಂಡು ಒಬ್ಬರ ಗೆಳೆತನ ಮಾಡಿದರೆ ಅದು ಗೆಳೆತನವಲ್ಲ. ಕಾಯಿಲೆ ಬಿದ್ದವರನ್ನು ನೋಡಲು ಹೋದಾಗ ಮನಸ್ಸಿನ ಮೂಲೆಯಲ್ಲಿ ಲೆಕ್ಕವೊಂದು ನಡೆಯುತ್ತಿದ್ದರೆ ಮಲಗಿದವರಿಗೆ ಅದು ತಿಳಿಯುತ್ತದೆ. ನಂಬಿಕೆಯ ವಿಷಯ ಕೇಳಿದವರಿಗೆ ಸಂಕೋಚಪಡದೆ ಹೇಳೋಣ. ಕೇಳದವರ ಜೊತೆ ನೆರೆಯವರಾಗಿಯೇ ಇರೋಣ.

ಸಭಾಪಾಲಕರಲ್ಲಿ ನನ್ನದೊಂದು ಬಿನ್ನಹ. ಉಪ್ಪು, ಬೆಳಕಿನ ಪ್ರಸಂಗ ಮಾಡುವ ಭಾನುವಾರ ಸಮಾರ್ಯದವನ ಕಥೆಯನ್ನೂ ಓದಿಸಿ. ಸಂಡೇ ಸ್ಕೂಲಿನ ಮಕ್ಕಳಿಗೆ ಉತ್ತಂಗಿಯವರು ಕೂಡಿಸಿದ ಸರ್ವಜ್ಞನನ್ನು ಕಲಿಸಿ. ಸಾಕ್ಷಿ ಹೇಳಲು ಎದ್ದುನಿಂತವರನ್ನು, ಬೇರೆ ನಂಬಿಕೆಯ ನೆರೆಯವರಿಂದ ತಾವು ಪಡೆದದ್ದೇನೆಂದು ಮೊದಲು ಹೇಳುವಂತೆ ಕೇಳಿ.