ಕಯ್ಯೂರು, ಕೊಲ್ಹಾಪುರ: ಎರಡು ಪುಸ್ತಕಗಳ ಓದು

ಕೆಂಬಾವುಟದ ಸಭೆಗೆ ಹೋಗುವ ರೈತ ಸಕ್ಕರೆ ಕಾರ್ಖಾನೆಯ ಷೇರುದಾರನೂ ಆಗಿದ್ದರೆ ಅವನ ಎಡಪಂಥ ಬರೀ ಬಾಯಿಮಾತೆ? ಗಡಹಿಂಗ್ಲಜ ತಾಲೂಕಿನ ಹಲಕರ್ಣಿಯಂಥ ಗಡಿಯೂರುಗಳಲ್ಲಿ ಈ ಪ್ರಶ್ನೆ ಪಂಡಿತರದಲ್ಲ, ಮನೆಮನೆಯದು. ಇದನ್ನು ಮುಂದಿಟ್ಟುಕೊಂಡು ನಿರಂಜನರ ಕಾದಂಬರಿ 'ಚಿರಸ್ಮರಣೆ'ಯನ್ನೂ (1955), ಕೊಲ್ಹಾಪುರದ ಗೋವಿಂದ ಪಾನ್ಸರೆಯವರ ಮರಾಠಿ ಪುಸ್ತಿಕೆ 'ಶಿವಾಜಿ ಕೋಣ ಹೋತಾ?'ವನ್ನೂ (1988) ಒಟ್ಟಿಗೆ ಓದಬಹುದು.

ನಮ್ಮ ಮಲೆಯಾಳಿ ಓದುಗರಿಗೆ ಕಯ್ಯೂರಿನ ಕಥೆ ಹೊಸದಲ್ಲ. 1941ರ ರೈತ ಹೋರಾಟಕ್ಕಾಗಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ರೈತರ ಮಾತು ಮಲೆಯಾಳ. ನೀಲೇಶ್ವರದಲ್ಲಿ ಓದಿದ ನಿರಂಜನರು ಅವರ ಕಥೆಯನ್ನು ಕನ್ನಡದಲ್ಲಿ ಬರೆದರು. ಅದು ಮತ್ತೆ ಮಲೆಯಾಳಕ್ಕೂ ಹೋಯಿತು. ಅಪ್ಪು, ಚಿರುಕಂಡ ಹುಟ್ಟು ನಾಯಕರಲ್ಲ. ಅಕ್ಷರ ಕಲಿತು, ಸಂಘ ಕಟ್ಟಿ ಬೆಳೆದವರು. ಕಾದಂಬರಿಯ ಬಲ ಇಲ್ಲಿದೆ. ಆದರೆ ಅದರಲ್ಲಿ ಜಮೀನ್ದಾರ ಆಚೆ, ರೈತ ಈಚೆ. ನಡುವಿನ ಗೆರೆ ನಿಚ್ಚಳ.

ನಮ್ಮ ಕಡೆ ಆ ಗೆರೆ ಒಬ್ಬನೇ ಮನುಷ್ಯನ ನಡುವೆ ಹಾಯ್ದುಹೋಗುತ್ತದೆ. 1904ರಲ್ಲಿ ಮೊದಲ ಪವರ್‌ಲೂಮ್ ಕಂಡ ಇಚಲಕರಂಜಿಯನ್ನೇ ನೋಡಿ. ನೂಲು ವ್ಯಾಪಾರಿಯದು, ಮಗ್ಗ ತನ್ನದು, ದರ ವ್ಯಾಪಾರಿ ಹೇಳಿದ್ದು. ಹೀಗೆ ನೇಯಿಸುವ ಮಗ್ಗದವನು ತನ್ನ ಆಳಿಗೆ ಧಣಿ, ವ್ಯಾಪಾರಿಗೆ ಕೂಲಿ. ಕಬ್ಬಿನ ರೈತನೂ ಹಾಗೆಯೇ: ಕಾರ್ಖಾನೆಗೆ ಒಡೆಯ, ಬಿಲ್ಲಿಗಾಗಿ ಕಾಯುವವನೂ ಅವನೇ. 'ಚಿರಸ್ಮರಣೆ' ಇವನಿಗೆ ಧೈರ್ಯ ಕೊಡುತ್ತದೆ, ದಾರಿ ಹೇಳುವುದಿಲ್ಲ.

ಪಾನ್ಸರೆಯವರು ಈ ಸಿಕ್ಕಿನೊಳಗೇ ಬಾಳಿದವರು. ಪತ್ರಿಕೆ ಮಾರಿದರು, ಜವಾನರಾದರು, ಮಾಸ್ತರಿಕೆ ಮಾಡಿದರು, ಕಾರ್ಮಿಕರ ವಕೀಲರಾದರು. ಕಮ್ಯುನಿಸ್ಟರಾಗಿದ್ದೇ ಸಹಕಾರಿ ಪತಸಂಸ್ಥೆಯನ್ನೂ ಕಟ್ಟಿ ನಡೆಸಿದರು. ಬಡ್ಡಿಯ ಲೆಕ್ಕ ಬರೆಯುವವನು ಬಂಡವಾಳವನ್ನು ಬೈಯಬಹುದೆ ಎಂದು ಕೇಳುವವರಿದ್ದಾರೆ. ಆದರೆ ಸಾಹುಕಾರನ ಬಾಗಿಲು ತಪ್ಪಿಸಿ ಬಡವನಿಗೆ ಸಾಲ ಸಿಗುವಂತೆ ಮಾಡುವುದೂ ರಾಜಕಾರಣವೇ. 2015ರ ಫೆಬ್ರವರಿ 16ರಂದು ಅವರಿಗೆ ಗುಂಡು ಹೊಡೆದರು, 20ರಂದು ತೀರಿಕೊಂಡರು. ಅವರ ಮಾತು ಯಾರಿಗೂ ತಾಗದಂಥದಾಗಿದ್ದರೆ ಹೀಗಾಗುತ್ತಿರಲಿಲ್ಲ.

ಲಕ್ಷಕ್ಕೂ ಮಿಕ್ಕಿ ಪ್ರತಿ ಹೋದ ಆ ಪುಸ್ತಿಕೆ ಶಿವಾಜಿಯನ್ನು ಸಮಾಜವಾದಿ ಮಾಡುವುದಿಲ್ಲ. ವತನದಾರರ ಸುಲಿಗೆಗೆ ಕಡಿವಾಣ ಹಾಕಿದ, ಸೈನಿಕರು ರೈತನ ಬೆಳೆ ಮುಟ್ಟಬಾರದೆಂದ, ಮುಸಲ್ಮಾನರಿಗೂ ಸೈನ್ಯದಲ್ಲಿ ಹೊಣೆ ಕೊಟ್ಟ ರಾಜನನ್ನು ತೋರಿಸುತ್ತದೆ. ಮರಾಠಿ ಶಾಲೆಯಲ್ಲಿ ಓದುವ ನಮ್ಮ ಕನ್ನಡದ ಮಕ್ಕಳಿಗೆ ಇದು ದೊಡ್ಡ ಸಮಾಧಾನ. ಈ ಶಿವಾಜಿ ರೈತನ ಕಡೆಯವನಾದರೆ ಕನ್ನಡ ಮಾತಾಡುವ ರೈತನಿಗೂ ಸಲ್ಲುತ್ತಾನೆ. ಅವನ ಹೆಸರಿನಲ್ಲಿ ಯಾರೂ ನಮ್ಮನ್ನು ಹೊರಗಿನವರೆನ್ನಲಾಗದು. ಆದರೂ ಒಂದು ಕೊರತೆಯುಂಟು. ಇಲ್ಲಿ ರೈತ ಬಹುಮಟ್ಟಿಗೆ ರಾಜನ ದಯೆ ಪಡೆಯುವವನು. ತಾನೇ ಎದ್ದು ನಿಲ್ಲುವ ರೈತನನ್ನು ಕಾಣಲು ನಿರಂಜನರ ಬಳಿಗೇ ಹೋಗಬೇಕು.

ಆದ್ದರಿಂದ ಎರಡೂ ಪುಸ್ತಕ ಮನೆಯಲ್ಲಿರಲಿ. ಬಂಡವಾಳದ ಲೋಕದಲ್ಲಿ ಮಡಿಯುಟ್ಟು ಬಾಳಲು ಯಾರಿಗೂ ಆಗದು. ಷೇರನ್ನು ಹರಿದೊಗೆದರೆ ಕಾರ್ಖಾನೆ ಬದಲಾಗುವುದೂ ಇಲ್ಲ. ಷೇರುದಾರ ವಾರ್ಷಿಕ ಸಭೆಗೆ ಹೋಗಲಿ. ತನ್ನ ಕಬ್ಬಿನ ದರ ಕೇಳಿದ ಬಾಯಲ್ಲೇ ಕಬ್ಬು ಕಡಿಯುವವರ ಕೂಲಿಯನ್ನೂ ಕೇಳಲಿ.