ಒಂದೇ ತೋಟದ ಅಡಿಕೆ, ನಾಲ್ಕು ಚೀಲ

ಅಕ್ಕನ ಮಗ ಭಾನುವಾರ ಬೆಳಿಗ್ಗೆಯೇ ಫೋನ್ ಮಾಡಿದ. ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸಬೇಕಂತೆ. ‘ಮಾಮಾ, ಆರ್‌ಟಿಎಕ್ಸ್ 5060 ಟಿಐ ಅಂತ ಒಂದೇ ಹೆಸರಲ್ಲಿ ಎರಡು ಕಾರ್ಡ್ ಇದಾವೆ. ಒಂದು 8 ಜಿಬಿ, ಇನ್ನೊಂದು 16. ಅಮೆರಿಕದ ರೇಟು 379 ಡಾಲರ್, 429 ಡಾಲರ್. ಐವತ್ತು ಡಾಲರ್ ಬರೀ ಮೆಮೊರಿಗಾ?’

ಅದಕ್ಕೂ ಎರಡು ವರ್ಷ ಮೊದಲು ಇದೇ ಕಾರ್ಡಿನ ಅಣ್ಣ 4060 ಟಿಐ ಬಂದಾಗಲೂ ಹೀಗೇ ಎರಡಿತ್ತು. ಆಗ ಬೆಲೆ 399 ಮತ್ತು 499. ಅದೇ ಎಂಟು ಜಿಬಿ ಹೆಚ್ಚುವರಿ ಮೆಮೊರಿಗೆ 2023ರಲ್ಲಿ ನೂರು ಡಾಲರ್, 2025ರಲ್ಲಿ ಐವತ್ತು. ಮೆಮೊರಿಯಾದರೋ ಈ ಸಲದ್ದೇ ಹೊಸ ತಳಿ. ಹಾಗಾದರೆ ಆ ನೂರು ಯಾವುದರ ಬೆಲೆ? ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ‘ಸಂಜೆ ಹೇಳ್ತೀನಿ’ ಅಂದೆ.

ಶಿವಮೊಗ್ಗದ ಮಂಡಿಗೆ ಹೋದವರಿಗೆ ಗೊತ್ತು: ಒಂದೇ ತೋಟದ ಅಡಿಕೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ಚೀಲ ಸೇರುತ್ತದೆ. ಚಿಪ್ಪಿನ ಕಾರ್ಖಾನೆಯಲ್ಲೂ ಆರಿಸುವ ಕೆಲಸ ಹೀಗೇ ಶುರುವಾಗುತ್ತದೆ. 300 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಒಂದೇ ನಕ್ಷೆಯನ್ನು ನೂರಾರು ಸಲ ಅಚ್ಚು ಹಾಕುತ್ತಾರೆ. ಎಲ್ಲೋ ಒಂದು ಕಣ ಧೂಳು, ಎಲ್ಲೋ ಒಂದು ಗೆರೆ ತಪ್ಪು. ಕೆಲವು ತುಂಡು ಪೂರಾ ಕೆಟ್ಟಿರುತ್ತವೆ, ಕೆಲವಕ್ಕೆ ಒಂದು ಮೂಲೆ ಮಾತ್ರ ಕೆಟ್ಟಿರುತ್ತದೆ, ಕೆಲವು ಹೆಚ್ಚು ವೇಗ ತಡೆಯುವುದಿಲ್ಲ. ಕೆಟ್ಟ ಮೂಲೆಯನ್ನು ಮುಚ್ಚಿ ಉಳಿದದ್ದನ್ನು ಮಾರುವುದರಲ್ಲಿ ಮೋಸವೇನಿಲ್ಲ. ಸೋನಿಯ ಪ್ಲೇಸ್ಟೇಷನ್ 3ರ ಸೆಲ್ ಚಿಪ್ಪಿನಲ್ಲಿ ಎಂಟು ಸಹಾಯಕ ಕೋರ್‌ಗಳಿದ್ದವು, ಒಂದನ್ನು ಮೊದಲೇ ಮುಚ್ಚಿ ಏಳೆಂದೇ ಲೆಕ್ಕ ಕೊಟ್ಟರು. ಎನ್ವಿಡಿಯಾದ 4090ರೊಳಗಿನ ಚಿಪ್ಪಿನಲ್ಲಿ 18,432 ಕೋರ್‌ಗಳಿವೆ, ಗಿರಾಕಿಗೆ ಸಿಕ್ಕಿದ್ದು 16,384. ಎರಡನ್ನೂ ನಾನು ಕೆಟ್ಟ ಲೆಕ್ಕ ಎನ್ನಲಾರೆ. ಇಲ್ಲದಿದ್ದರೆ ಅರ್ಧ ಬಿಲ್ಲೆ ಕಸದ ಬುಟ್ಟಿಗೆ.

ಆದರೆ ಮಂಡಿಯವರು ಮಾಡದ ಕೆಲಸವೊಂದನ್ನು ಇವರು ಮಾಡುತ್ತಾರೆ. ಅಗ್ಗದ ಗೊರಬಲು ಚೀಲ ತುಂಬದಿದ್ದರೆ ದುಬಾರಿ ಸರಕನ್ನೇ ತಂದು ಅದರೊಳಗೆ ಸುರಿಯುತ್ತಾರೆ. ಸುರಿಯುವ ಮೊದಲು ಅದರ ಕೈ ಕಟ್ಟುತ್ತಾರೆ.

1991ರಲ್ಲಿ ಇಂಟೆಲ್ 486ಎಸ್‌ಎಕ್ಸ್ ತಂದಿತು. 1989ರಿಂದ ಇದ್ದ 486ಡಿಎಕ್ಸ್ ದುಬಾರಿ, ಅದಕ್ಕೇ ಅಗ್ಗದ ತಮ್ಮ. ಮೊದಮೊದಲ ಎಸ್‌ಎಕ್ಸ್‌ಗಳು ಡಿಎಕ್ಸ್ ಚಿಪ್ಪುಗಳೇ, ದಶಾಂಶದ ಲೆಕ್ಕ ಮಾಡುವ ಭಾಗ ಅವುಗಳಲ್ಲಿ ಇದ್ದರೂ ಮುಚ್ಚಿತ್ತು. ತಮಾಷೆ ಇಲ್ಲಿಗೆ ಮುಗಿಯಲಿಲ್ಲ. ಮುಂದೆ ಆ ಲೆಕ್ಕದ ಭಾಗ ಬೇಕೆನಿಸಿದವರಿಗೆ 487ಎಸ್‌ಎಕ್ಸ್ ಎಂಬ ‘ಸಹಾಯಕ’ ಚಿಪ್ಪನ್ನು ಮಾರಿದರು. ಮದರ್‌ಬೋರ್ಡಿನಲ್ಲಿ ಅದಕ್ಕೆಂದೇ ಖಾಲಿ ಬಿಟ್ಟ ಸಾಕೆಟ್ಟಿನಲ್ಲಿ ಅದನ್ನು ಕೂರಿಸಿದರೆ ಏನಾಗುತ್ತಿತ್ತು? ಅದು ಹಳೆಯ ಎಸ್‌ಎಕ್ಸನ್ನು ಪೂರಾ ಮಲಗಿಸಿ ಎಲ್ಲ ಕೆಲಸವನ್ನೂ ತಾನೇ ವಹಿಸಿಕೊಳ್ಳುತ್ತಿತ್ತು. ಆ 487 ಒಂದು ಪಿನ್ ಹೆಚ್ಚಿಗೆ ಇಟ್ಟುಕೊಂಡ 486ಡಿಎಕ್ಸೇ! ಮೊದಲು ಕೊಂಡ ಚಿಪ್ಪು ಪಕ್ಕದಲ್ಲಿ ಕೂತು ನಿದ್ದೆ ಹೊಡೆಯುತ್ತಿತ್ತು. ಇಂಥದ್ದನ್ನು ಯೋಚಿಸಿದವನಿಗೆ ಬೈಯಬೇಕೋ ಶಾಲು ಹೊದಿಸಬೇಕೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಮುಚ್ಚಿಟ್ಟದ್ದನ್ನು ತೆರೆಯುವ ಹುಚ್ಚು ನನಗೆ ಹತ್ತಿದ್ದು 1999ರಲ್ಲಿ, ಬೆಂಗಳೂರಿನ ಎಸ್.ಪಿ. ರೋಡಿನ ಮಹಡಿ ಮೇಲಿನ ಅಂಗಡಿಯೊಂದರಲ್ಲಿ. ಹಿಂದಿನ ವರ್ಷ ಇಂಟೆಲ್ ಸೆಲೆರಾನ್ 300ಎ ಬಿಟ್ಟಿತ್ತು. ಬೆಲೆ 149 ಡಾಲರ್. ಅದೇ ಹೊತ್ತಿಗೆ ಬಂದ ಪೆಂಟಿಯಂ 2ರ 450 ಮೆಗಾಹರ್ಟ್ಸ್ ಚಿಪ್ಪಿಗೆ 669. ಇದಕ್ಕೂ ಮೊದಲಿನ ಸೆಲೆರಾನ್‌ಗೆ ಎರಡನೇ ಹಂತದ ಕ್ಯಾಶೆಯೇ (ಚಿಪ್ಪಿನ ಕೈಗೆಟುಕುವ ಚುರುಕು ಮೆಮೊರಿ) ಇರಲಿಲ್ಲ, ಎಲ್ಲರೂ ನಕ್ಕಿದ್ದರು. ಆ ನಗು ನಿಲ್ಲಿಸಲೆಂದು 300ಎಗೆ 128 ಕೆಬಿ ಕೊಟ್ಟರು, ಚಿಪ್ಪಿನೊಳಗೇ, ಪೂರ್ಣ ವೇಗದಲ್ಲಿ. ದುಬಾರಿ ಅಣ್ಣನಿಗೆ 512 ಕೆಬಿ ಇತ್ತು, ಆದರೆ ಅರ್ಧ ವೇಗದ್ದು. ಇನ್ನು ಉಳಿದ ಗೋಡೆ ಒಂದೇ: ಸೆಲೆರಾನ್ 66 ಮೆಗಾಹರ್ಟ್ಸ್ ಬಸ್ಸಿನಲ್ಲಿ, ಅಂದರೆ ಮಾಹಿತಿ ಸಾಗುವ ಹಾದಿಯಲ್ಲಿ, ಓಡಬೇಕು, ಪೆಂಟಿಯಂ 100ರಲ್ಲಿ.

ಅಂಗಡಿಯವರು ಕತ್ತರಿಯಿಂದ ಟೇಪಿನ ಚೂರೊಂದನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸಿಕೊಂಡರು. ಕಾರ್ಡಿನಂತಿದ್ದ ಪ್ರೊಸೆಸರಿನ ಅಂಚಿನಲ್ಲಿ ಬಿ21 ಎಂಬ ಒಂದೇ ಒಂದು ಪಿನ್ನಿಗೆ ಅದನ್ನು ಅಂಟಿಸಿದರು. ‘ಈಗ ಮದರ್‌ಬೋರ್ಡಿಗೆ ಇವನ ಜಾತಿ ಗೊತ್ತಾಗಲ್ಲ ಸಾರ್’ ಅಂದರು. ಬಟನ್ ಒತ್ತಿದರು. ಬಸ್ಸಿನ ನಾಲ್ಕೂವರೆ ಪಟ್ಟು ವೇಗದ ಚಿಪ್ಪು ಅದು: ನಾಲ್ಕೂವರೆ ಗುಣಿಸು ನೂರು, ಪರದೆಯ ಮೇಲೆ 450. ಎರಡು ಸಲ ಹ್ಯಾಂಗ್ ಆಯಿತು, ದೊಡ್ಡ ಫ್ಯಾನ್ ಹಾಕಿದ ಮೇಲೆ ಮಲಗಲೇ ಇಲ್ಲ. ಐದು ವರ್ಷ ಓಡಿತು.

ಆಮೇಲೆ ಇಂಥ ಸಂದುಗಳನ್ನು ಹುಡುಕುವುದೇ ಚಟವಾಯಿತು. 2000ದಲ್ಲಿ ಇಂಟೆಲ್ಲಿನ ಎದುರಾಳಿ ಎಎಂಡಿಯ ಅಥ್ಲಾನ್ ಮತ್ತು ಡ್ಯೂರಾನ್‌ಗಳ ಮೇಲೆ ಕತ್ತರಿಸಿದ ಪುಟ್ಟ ಸೇತುವೆಗಳಿದ್ದವು. ಮಾಮೂಲಿ ಪೆನ್ಸಿಲಿನಿಂದ ಗೀಚಿದರೆ ಸೀಸ ಕೂಡಿಕೊಂಡು ಬೀಗ ತೆರೆಯುತ್ತಿತ್ತು. 2009ರ ಫೆನಮ್ 2 ಎಕ್ಸ್3ರಲ್ಲಿ ಮೂರು ಕೋರ್. ಅದೃಷ್ಟವಿದ್ದರೆ ಮದರ್‌ಬೋರ್ಡಿನ ಬಯೋಸ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ನಾಲ್ಕನೆಯದು ಎದ್ದು ಕೂರುತ್ತಿತ್ತು. ಅದೃಷ್ಟವಿಲ್ಲದಿದ್ದರೆ ಎದ್ದು ನೀಲಿ ಪರದೆ ತೋರಿಸಿ ಬೀಳುತ್ತಿತ್ತು. ಮುಚ್ಚಿದ್ದರಲ್ಲಿ ಸತ್ತದ್ದು ಯಾವುದು, ಕಟ್ಟಿಹಾಕಿದ್ದು ಯಾವುದು ಎಂದು ತಿಳಿಯುತ್ತಿದ್ದದ್ದೇ ಹಾಗೆ. 2010ರಲ್ಲಿ ಇಂಟೆಲ್ ತಾನೇ ಮುಂದೆ ಬಂತು: 50 ಡಾಲರಿನ ಕಾರ್ಡ್ ಕೊಳ್ಳಿ, ರೀಚಾರ್ಜ್ ಕೂಪನ್ನಿನ ಹಾಗೆ ಅದರ ಸಂಖ್ಯೆ ಒತ್ತಿ, ನಿಮ್ಮ ಪೆಂಟಿಯಂನಲ್ಲಿ ಮುಚ್ಚಿಟ್ಟ ಕ್ಯಾಶೆ ಮತ್ತು ಹೈಪರ್‌ಥ್ರೆಡಿಂಗ್ ತೆರೆದುಕೊಳ್ಳುತ್ತದೆ! ಜನ ಉಗಿದರು, ಮರು ವರ್ಷವೇ ಯೋಜನೆ ಮುಚ್ಚಿತು. ಅಲ್ಲಿಯವರೆಗೆ ಸಂಶಯವಾಗಿದ್ದದ್ದನ್ನು ಕಂಪನಿಯೇ ಬೋರ್ಡು ಹಾಕಿ ಹೇಳಿದ್ದು ತಪ್ಪಾಯಿತು, ಅಷ್ಟೆ. ಈಗ ಕಾರ್ಖಾನೆಯಲ್ಲೇ ಸಂಪರ್ಕದ ಎಳೆಯನ್ನು ಸುಟ್ಟುಬಿಡುತ್ತಾರೆ. ಪೆನ್ಸಿಲಿಗೆ ಕೆಲಸವಿಲ್ಲ.

ಹಾಗಾದರೆ ಚೀಲಗಳ ನಡುವಿನ ಗೋಡೆ ಎಷ್ಟೆತ್ತರ ಇರಬೇಕೆಂದು ಯಾರು ತೀರ್ಮಾನಿಸುತ್ತಾರೆ? ಎದುರು ಅಂಗಡಿಯವನು. ಇದಕ್ಕೆ 2017ರಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಅದಕ್ಕೂ ಹತ್ತು ವರ್ಷ ಹಿಂದೆ, 2007ರ ಜನವರಿಯಲ್ಲಿ, ಇಂಟೆಲ್ಲಿನ ಕ್ಯೂ6600ಗೆ ನಾಲ್ಕು ಕೋರ್. 2017ರ ಜನವರಿಯಲ್ಲಿ ಸಾಮಾನ್ಯರ ಮದರ್‌ಬೋರ್ಡಿಗೆ ಸಿಗುತ್ತಿದ್ದ ಅತಿ ದೊಡ್ಡ ಚಿಪ್ಪು 7700ಕೆ, ಅದಕ್ಕೂ ನಾಲ್ಕೇ. ಹೆಚ್ಚು ಬೇಕಾದರೆ ಬೇರೆ ಜಾತಿಯ ಮದರ್‌ಬೋರ್ಡ್ ಕೊಳ್ಳಬೇಕು. ಎಂಟು ಕೋರಿನ 6900ಕೆಗೆ ಸಾವಿರ ಡಾಲರಿಗೂ ಮೇಲೆ ಸುರಿಯಬೇಕು. ಐ3 ಎಂದರೆ ಎರಡು, ಐ5 ಎಂದರೆ ನಾಲ್ಕು, ಪ್ರಕೃತಿ ನಿಯಮವೇನೋ ಎಂಬಂತೆ. ಮಾರ್ಚ್ 2ಕ್ಕೆ ಎಎಂಡಿ ರೈಜನ್ ಬಿಟ್ಟಿತು: ಎಂಟು ಕೋರು, 1700ಕ್ಕೆ 329 ಡಾಲರ್, 1800ಎಕ್ಸ್‌ಗೆ 499. ಅಕ್ಟೋಬರಿಗೆ ಇಂಟೆಲ್ಲಿನ ಉತ್ತರ ಬಂತು. ಜನವರಿಯ ಐ3-7100ಕ್ಕೆ ಎರಡು ಕೋರ್, 117 ಡಾಲರ್. ಅಕ್ಟೋಬರಿನ ಐ3-8100ಕ್ಕೆ ನಾಲ್ಕು ಕೋರ್, ಅದೇ 117 ಡಾಲರ್. ಒಂಬತ್ತು ತಿಂಗಳಲ್ಲಿ ಯಾವ ಹೊಸ ವಿಜ್ಞಾನವೂ ಹುಟ್ಟಲಿಲ್ಲ, ಚಿಪ್ಪು ತಯಾರಾದದ್ದೂ ಅದೇ 14 ನ್ಯಾನೋಮೀಟರ್ ಪೀಳಿಗೆಯಲ್ಲೇ. ಐ5 ಎಂದು ಹತ್ತಿರ ಹತ್ತಿರ ಇನ್ನೂರು ಡಾಲರಿಗೆ ಮಾರುತ್ತಿದ್ದದ್ದು ರಾತ್ರೋರಾತ್ರಿ ಐ3 ಚೀಲಕ್ಕೆ ಇಳಿಯಿತು.

ಎಎಂಡಿಯವರು ಸಂತರು ಎಂದುಕೊಳ್ಳಬೇಡಿ. 2020ರ ನವೆಂಬರಿನಲ್ಲಿ ಅವರ ಕೈ ಮೇಲಾಯಿತು. ಕೂಡಲೇ ಆರು ಕೋರಿನ 5600ಎಕ್ಸ್‌ಗೆ 299 ಡಾಲರ್ ಬರೆದರು, ಹಿಂದಿನ 3600ಎಕ್ಸ್‌ಗಿಂತ ಐವತ್ತು ಹೆಚ್ಚು. 199ರ 5600 ಅಂಗಡಿಗೆ ಬಂದದ್ದು 2022ರ ಏಪ್ರಿಲಿನಲ್ಲಿ, ಇಂಟೆಲ್ ಚೇತರಿಸಿಕೊಂಡ ಮೇಲೆ.

ಗ್ರಾಫಿಕ್ಸ್ ಕಾರ್ಡಿನ ಪೇಟೆಯಲ್ಲಿ ಆಟ ನಡೆಯುವುದು ಹೆಸರಿನಲ್ಲಿ. 2016ರ ಜಿಟಿಎಕ್ಸ್ 1060ಯ 3 ಜಿಬಿ, 6 ಜಿಬಿ ಎರಡಕ್ಕೂ ಒಂದೇ ಹೆಸರು, ಆದರೆ ಒಂದಕ್ಕೆ 1152 ಕೋರ್, ಇನ್ನೊಂದಕ್ಕೆ 1280. ಮೆಮೊರಿ ಕಮ್ಮಿ ಎಂದು ಡಬ್ಬದ ಮೇಲೆ ಹೇಳಿ, ಮೆದುಳೂ ಕಮ್ಮಿ ಎನ್ನುವುದನ್ನು ಸಣ್ಣ ಅಕ್ಷರಕ್ಕೆ ಬಿಟ್ಟರು. ಎಎಂಡಿಯೂ 2017ರಲ್ಲಿ ಆರ್‌ಎಕ್ಸ್ 560 ಹೆಸರಿನಲ್ಲೇ 1024ರ ಜಾಗಕ್ಕೆ 896 ಕೋರಿನದ್ದನ್ನು ಮೆಲ್ಲಗೆ ತೂರಿಸಿತ್ತು. ಎಲ್ಲಕ್ಕಿಂತ ಹೆಚ್ಚು ಧೈರ್ಯ ಮಾಡಿದ್ದು 2022ರ ಸೆಪ್ಟೆಂಬರಿನಲ್ಲಿ ಎನ್ವಿಡಿಯಾ. 4080 ಎಂಬ ಒಂದೇ ಹೆಸರಲ್ಲಿ ಎರಡು ಕಾರ್ಡ್ ಘೋಷಿಸಿತು, 16 ಜಿಬಿಗೆ 1,199 ಡಾಲರ್, 12 ಜಿಬಿಗೆ 899. ಒಳಗಿನ ಚಿಪ್ಪೇ ಬೇರೆ ಬೇರೆ, ಒಂದರಲ್ಲಿ 9,728 ಕೋರ್, ಇನ್ನೊಂದರಲ್ಲಿ 7,680. ಬೈಗುಳದ ಸುರಿಮಳೆಯಾಯಿತು, ಅಕ್ಟೋಬರಿನಲ್ಲಿ ಸಣ್ಣದನ್ನು ವಾಪಸ್ ತೆಗೆದುಕೊಂಡರು. ಜನವರಿಯಲ್ಲಿ ಅದೇ ಕಾರ್ಡು 4070 ಟಿಐ ಎಂದು ನಾಮಕರಣ ಮಾಡಿಸಿಕೊಂಡು 799ಕ್ಕೆ ಬಂತು. ಹೆಸರೊಂದರ ಬೆಲೆ ನೂರು ಡಾಲರ್ ಎಂದು ಇಷ್ಟು ಸ್ಪಷ್ಟವಾಗಿ ರಸೀದಿ ಸಿಕ್ಕಿದ್ದು ಅಪರೂಪ.

ಅದಕ್ಕೇ ನಾನು ಡಬ್ಬದ ಮುಂಭಾಗ ಓದುವುದಿಲ್ಲ. ಮೆಮೊರಿ ಬಸ್ಸಿನ ಅಗಲ ನೋಡುತ್ತೇನೆ. 2020ರ 3060 ಟಿಐಗೆ 256 ಬಿಟ್, ಅದೇ 399 ಡಾಲರಿನ 4060 ಟಿಐಗೆ 128. ಪರದೆಯ ರೆಸಲ್ಯೂಷನ್ ಹೆಚ್ಚಾದರೆ ಕೆಲವು ಆಟಗಳಲ್ಲಿ ಹಳೆಯದೇ ಮುಂದೆ ಹೋಗುತ್ತಿತ್ತು.

ಸಂಜೆ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಎಂಟು ಜಿಬಿಯದ್ದು ಇರುವುದು ಕೊಳ್ಳಲಿ ಎಂದಲ್ಲ, ಪಟ್ಟಿಯಲ್ಲಿ ‘379ರಿಂದ ಆರಂಭ’ ಎಂದು ಬರೆಯಲಿಕ್ಕೆ; ಎಎಂಡಿಯ 9060 ಎಕ್ಸ್‌ಟಿಯ 16 ಜಿಬಿಗೇ ಅಮೆರಿಕದಲ್ಲಿ 349 ಎಂದು ಬರೆದಿದ್ದಾರೆ, ಅದನ್ನೂ ಒಮ್ಮೆ ಕೇಳು ಅಂದೆ. ‘ಆದ್ರೆ ಮಾಮಾ, ನನ್ನ ಫ್ರೆಂಡ್ಸ್ ಎಲ್ಲಾ ಎನ್ವಿಡಿಯಾನೇ’ ಅಂದ. ಶನಿವಾರ ಎಸ್.ಪಿ. ರೋಡಿನಿಂದ ಫೋಟೋ ಕಳಿಸಿದ. ಹಸಿರು ಡಬ್ಬ, ಮೂಲೆಯಲ್ಲಿ 16. ಎಂಟರ ಡಬ್ಬವೂ ಪಕ್ಕದಲ್ಲೇ ಇತ್ತಂತೆ. ಅದನ್ನು ಯಾರೂ ತಗೊಳ್ಳಲ್ಲ, ಆದರೆ ಹದಿನಾರರ ರೇಟು ಹೇಳುವ ಮುಂಚೆ ಎಲ್ಲರಿಗೂ ಅದನ್ನೇ ಮೊದಲು ತೋರಿಸ್ತೀವಿ ಎಂದು ಅಂಗಡಿಯವರು ನಕ್ಕರಂತೆ.