ಕಾಟು ಹಾಕಿದರೆ ಮುಗಿಯಿತೇ?

ತಪ್ಪಾಗಿ ಬರೆದದ್ದರ ಮೇಲೆ ಗೆರೆ ಎಳೆದುಬಿಟ್ಟರೆ ಓದುಗರ ಋಣ ತೀರಿತು ಎಂಬ ನಂಬಿಕೆ ಜಾಲಪುಟ ಕಟ್ಟುವವರಲ್ಲಿ ಗಟ್ಟಿಯಾಗಿದೆ. ಸದ್ದಿಲ್ಲದೆ ಅಳಿಸುವುದಕ್ಕಿಂತ ಕಾಟು ಹಾಕಿ ತೋರಿಸುವುದು ಮೇಲು, ನಿಜ. ಆದರೆ ಗೆರೆ ಕಾಣುವುದು ಕಣ್ಣಿದ್ದವರಿಗೆ.

‘ಅಪಘಾತದಲ್ಲಿ 12 ಮಂದಿ ಸತ್ತರು’ ಎಂಬ ಸಾಲಿನಲ್ಲಿ 12ಕ್ಕೆ ಕಾಟು ಹಾಕಿ, ಪಕ್ಕದಲ್ಲಿ 10 ಎಂದು ಸೇರಿಸಿದ್ದಾರೆ ಎನ್ನಿ. ಅಂಧರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ‘ಹನ್ನೆರಡು ಹತ್ತು ಮಂದಿ’ ಎಂದುಬಿಡಬಹುದು. ಕೇಳುವವರಿಗೆ ತಿದ್ದುಪಡಿಯ ಸುಳಿವೇ ಇಲ್ಲ. ಸಾವಿನ ಲೆಕ್ಕದಲ್ಲಿ ಇದು ಸಣ್ಣ ಗೊಂದಲವಲ್ಲ.

ಗೆರೆ ಬರಿಯ ಅಲಂಕಾರವಾಗಬಾರದೆಂದೇ ಜಾಲಪುಟ ಬರೆಯುವ ಭಾಷೆಯ ಆವೃತ್ತಿಯಾಗಿ 1997ರ ಡಿಸೆಂಬರ್‌ನಲ್ಲಿ ಬಂದ ಎಚ್‌ಟಿಎಂಎಲ್ 4.0 ಎರಡು ಟ್ಯಾಗ್‌ಗಳನ್ನು ಕೊಟ್ಟಿತು: ತೆಗೆದದ್ದಕ್ಕೆ ಡೆಲ್, ಸೇರಿಸಿದ್ದಕ್ಕೆ ಇನ್ಸ್. ತಿದ್ದಿದ ದಿನ, ಹೊತ್ತು, ಕಾರಣ ವಿವರಿಸುವ ಪುಟದ ವಿಳಾಸ ಎಲ್ಲವನ್ನೂ ಅವುಗಳಲ್ಲೇ ಬರೆದಿಡಬಹುದು. ಹಳೆಯ ಸ್ಟ್ರೈಕ್ ಟ್ಯಾಗ್ ಬರಿ ಗೆರೆ ಎಳೆಯುತ್ತಿತ್ತು; ಈಗ ಅದನ್ನು ಕೈಬಿಡಲಾಗಿದೆ. ಅಂಗಡಿಯ ಹಳೆಯ ಬೆಲೆಯ ಹಾಗೆ ಈಗ ಅನ್ವಯಿಸದ ಮಾತಿಗೆ ಎಸ್ ಟ್ಯಾಗ್ ಬೇರೆ ಇದೆ. ಡೆಲ್, ಸ್ಟ್ರೈಕ್, ಎಸ್ ಮೂರೂ ತೆರೆಯ ಮೇಲೆ ಒಂದೇ ಥರ ಕಾಣುವುದರಿಂದ ಯಾವುದಾದರೇನು ಎನ್ನುವವರೇ ಹೆಚ್ಚು.

ಯಾವುದಾದರೇನು? ಉಪನೋಂದಣಾಧಿಕಾರಿಯ ಕಚೇರಿಗೆ ಕ್ರಯಪತ್ರ ಒಯ್ದವರನ್ನು ಕೇಳಿ. ಕಾಟು ಹಾಕಿದ ಕಡೆ ಬರೆದುಕೊಟ್ಟವರ ಸಹಿಯೋ ಕಿರುಸಹಿಯೋ ಇಲ್ಲದಿದ್ದರೆ, 1908ರ ನೋಂದಣಿ ಕಾಯ್ದೆಯ 20ನೇ ಕಲಮಿನಂತೆ ಆ ಪತ್ರವನ್ನು ಅಧಿಕಾರಿ ನಿರಾಕರಿಸಬಹುದು. ಕಾಗದದ ಮೇಲೆ ಯಾರೂ ನೆಚ್ಚದ ಅನಾಥ ಗೆರೆಯನ್ನು ತೆರೆಯ ಮೇಲೆ ಮಾತ್ರ ಏಕೆ ನೆಚ್ಚಬೇಕು?

ಡೆಲ್ ಬಳಸಿದರೆ ಎಲ್ಲ ಸರಿಹೋಯಿತು ಎನ್ನುವವರೂ ಇದ್ದಾರೆ. ಅದನ್ನೂ ನಾನು ಒಪ್ಪಲಾರೆ. ಬಹುತೇಕ ಸ್ಕ್ರೀನ್ ರೀಡರ್‌ಗಳು ತಾವಾಗಿ ಡೆಲ್ ಅನ್ನು ಹೇಳುವುದಿಲ್ಲ. ಬಳಸುವವರು ಸೆಟ್ಟಿಂಗ್ ಬದಲಿಸಿಕೊಳ್ಳಬೇಕು. ಒಳಗೆ ಬರೆದಿಟ್ಟ ದಿನಾಂಕವನ್ನು ಬ್ರೌಸರ್ ತಾನಾಗಿ ತೋರಿಸುವುದೂ ಇಲ್ಲ. ಹಾಗೆಂದು ಟ್ಯಾಗ್ ವ್ಯರ್ಥವಲ್ಲ: ಪುಟದ ನೋಟ ನಿರ್ಧರಿಸುವ ಸಿಎಸ್‌ಎಸ್‌ನ ಒಂದೆರಡು ಸಾಲಿನಲ್ಲಿ ಆ ದಿನಾಂಕವನ್ನು ಪುಟದ ಮೇಲೆ ತರಬಹುದು. ಬರೆದೇ ಇಡದಿದ್ದರೆ ತರುವುದಾದರೂ ಏನನ್ನು?

ಪುಟ ಕಟ್ಟುವ ಗೆಳೆಯರೇ, ಡೆಲ್ ಬಳಸಿ, ದಿನಾಂಕ ತುಂಬಿ. ಅದರ ಕೆಳಗೆ ಬಾಯಿಬಿಟ್ಟು ಒಂದು ಸಾಲನ್ನೂ ಬರೆಯಿರಿ: ‘ತಿದ್ದುಪಡಿ: ಮೊದಲು 12 ಎಂದು ಬರೆದಿದ್ದೆವು, ಅದು ತಪ್ಪು; ಸತ್ತವರು 10 ಮಂದಿ.’